220, 5, 1: ಡಾಸ್ ಆಟಗಳಿಗೆ ದನಿ ಕೂಡಿಸಿದ ಬಗೆ

ಹಳೆಯ ಪಿಸಿಗಳ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ನಲ್ಲಿ ಸದ್ದಿಗೆಂದು ಯಾವ ಏರ್ಪಾಡೂ ಇರಲಿಲ್ಲ. ಫೈಲು ತೆರೆಯಲು, ಕೀಲಿಮಣೆಯಿಂದ ಅಕ್ಷರ ಓದಲು, ಪರದೆಯ ಮೇಲೆ ಬರೆಯಲು ಅದರಲ್ಲಿ ಸಿದ್ಧ ಸೇವೆಗಳಿದ್ದವು. ಸಂಗೀತ ನುಡಿಸಲು ಒಂದೂ ಇರಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿ ಮುಖ್ಯವಾಗಿ ಕಚೇರಿಯ ಕೆಲಸಕ್ಕೆಂದು ಮಾಡಿದ ಯಂತ್ರ; ಅದರ ಮೇಲೆ ಯಾರಾದರೂ ವಾದ್ಯಗೋಷ್ಠಿ ಕೇಳಬಯಸಿಯಾರು ಎಂಬ ಯೋಚನೆ ಆಗ ಯಾರಿಗೂ ಬಂದಂತಿಲ್ಲ. ಹೀಗಾಗಿ ಯಾವ ಆಟಕ್ಕೆ ದನಿ ಬೇಕೋ ಆ ಆಟವೇ ಯಂತ್ರಾಂಶದ ಜೊತೆ ನೇರವಾಗಿ ವ್ಯವಹರಿಸಬೇಕಿತ್ತು. ಯಂತ್ರಾಂಶವನ್ನು ನಡೆಸುವ ತಂತ್ರಾಂಶವೇ ಡ್ರೈವರ್; ಇಂದು ಅದು ಕಾರ್ಯಾಚರಣ ವ್ಯವಸ್ಥೆಗೆ ಸೇರಿದ್ದು. ಡಾಸ್ ಕಾಲದಲ್ಲಿ ಅದು ಆಟದ ಫ್ಲಾಪಿಯಲ್ಲೇ ಬರುತ್ತಿತ್ತು, ಒಂದೊಂದು ಆಟಕ್ಕೂ ಬೇರೆ ಬೇರೆಯಾಗಿ. 1987ರಿಂದ ಹೆಚ್ಚುಕಡಿಮೆ ಹತ್ತು ವರ್ಷ, ಆಟ ಆಡುವವರು ಸದ್ದಿನ ಕಾರ್ಡಿನ ಜಂಪರ್ ಬದಲಿಸುತ್ತ, ಅಂಕಿ ಹೊಂದಿಸುತ್ತ ಕಳೆದ ಗಂಟೆಗಳಿಗೆಲ್ಲ ಮೂಲ ಕಾರಣ ಇದೇ.

ಪಿಸಿಯಲ್ಲಿ ಮೊದಲಿಗೆ ಇದ್ದದ್ದು ಒಂದು ಪುಟ್ಟ ಸ್ಪೀಕರ್. ಸೆಕೆಂಡಿಗೆ ಸುಮಾರು 11 ಲಕ್ಷ 93 ಸಾವಿರ ಬಾರಿ ಮಿಡಿಯುವ ಒಂದು ಟೈಮರ್ ಚಿಪ್ ಅದನ್ನು ನಡೆಸುತ್ತಿತ್ತು. ಆ ಮಿಡಿತವನ್ನು 2712ರಿಂದ ಭಾಗಿಸು ಎಂದು ಚಿಪ್‌ಗೆ ಹೇಳಿದರೆ 440 ಹರ್ಟ್ಸ್‌ನ ಸ್ವರ ಹೊರಡುತ್ತಿತ್ತು. ಒಂದು ಹೊತ್ತಿಗೆ ಒಂದೇ ಸ್ವರ. ದನಿಯ ಏರಿಳಿತವನ್ನು ಹಿಡಿತದಲ್ಲಿಡುವ ಗುಂಡಿಯೂ ಇಲ್ಲ. ಆದರೂ ಸ್ಪೀಕರನ್ನು ಅತಿವೇಗವಾಗಿ ಆರಿಸಿ ಹೊತ್ತಿಸಿ ಮನುಷ್ಯರ ಮಾತನ್ನೇ ಹೊರಡಿಸಿದ ಜಾಣರಿದ್ದರು. ಆಕ್ಸೆಸ್ ಸಾಫ್ಟ್‌ವೇರ್ ಕಂಪನಿಯ 1989ರ ಮೀನ್ ಸ್ಟ್ರೀಟ್ಸ್ ಆಟದಲ್ಲಿ ಈ ಕೈಚಳಕವಿದೆ. ಅದಕ್ಕೆ ಪ್ರೊಸೆಸರ್‌ನ ಬಲವೆಲ್ಲ ಖರ್ಚಾಗುತ್ತಿದ್ದುದರಿಂದ ಮಾತು ನಡೆಯುವಾಗ ಚಿತ್ರ ನಿಲ್ಲಬೇಕಾಗುತ್ತಿತ್ತು.

ದನಿಗೆಂದೇ ಮಾಡಿದ ಕಾರ್ಡುಗಳಲ್ಲಿ ಮೊದಲು ಹೆಸರು ಮಾಡಿದ್ದು ಕೆನಡಾದ ಕ್ವಿಬೆಕ್ ನಗರದ ಆಡ್‌ಲಿಬ್. ಮಾರ್ಟಿನ್ ಪ್ರೆವೆಲ್ ಕಟ್ಟಿದ ಆ ಕಂಪನಿ 1987ರಲ್ಲಿ ಯಮಾಹಾದ ಒಪಿಎಲ್2 ಚಿಪ್ ಕೂರಿಸಿದ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಏಕಕಾಲಕ್ಕೆ ಒಂಬತ್ತು ಸ್ವರಗಳನ್ನು ಕೃತಕವಾಗಿ ಹೆಣೆಯಬಲ್ಲ ಚಿಪ್ ಅದು. ಮರುವರ್ಷ ಸಿಯೆರಾ ಕಂಪನಿ ತನ್ನ ಕಿಂಗ್ಸ್ ಕ್ವೆಸ್ಟ್ 4ಕ್ಕೆ ಚಿತ್ರಸಂಗೀತ ನಿರ್ದೇಶಕ ವಿಲಿಯಂ ಗೋಲ್ಡ್‌ಸ್ಟೀನ್ ಅವರಿಂದ ಸಂಗೀತ ಮಾಡಿಸಿ, ಆಡ್‌ಲಿಬ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಎಂಟಿ-32 ಎಂಬ ಸಂಗೀತ ಪೆಟ್ಟಿಗೆ ಎರಡಕ್ಕೂ ಹೊಂದಿಸಿತು. ಎಂಟಿ-32ರ ಬೆಲೆ ಸುಮಾರು 550 ಡಾಲರ್. ಆಟಗಾರರು ಅದನ್ನು ಕೊಳ್ಳುವುದು ಅಪರೂಪವಾಗಿತ್ತು, ಆದರೆ ಸಂಗೀತಗಾರರು ರಚಿಸುತ್ತಿದ್ದುದು ಅದರ ಮೇಲೆಯೇ. ಮಿಕ್ಕವರು ಕೇಳಿದ್ದು ಆ ರಚನೆಯ ಸೊರಗಿದ ರೂಪ.

1989ರ ಕೊನೆಗೆ ಸಿಂಗಾಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಹೊರತಂದಾಗ ಲೆಕ್ಕಾಚಾರ ಬದಲಾಯಿತು. ಇದರಲ್ಲೂ ಆಡ್‌ಲಿಬ್‌ನ ಅದೇ ಯಮಾಹಾ ಚಿಪ್ ಇತ್ತು, ಆದ್ದರಿಂದ ಆಡ್‌ಲಿಬ್‌ಗೆಂದು ಬರೆದ ಆಟಗಳು ಏನೂ ಬದಲಿಸದೆ ಇದರ ಮೇಲೂ ನುಡಿದವು. ಜೊತೆಗೆ ಧ್ವನಿಮುದ್ರಿತ ಸದ್ದನ್ನು, ಅಂದರೆ ನಿಜವಾದ ಗುಂಡಿನ ಶಬ್ದವನ್ನೋ ಮನುಷ್ಯರ ಮಾತನ್ನೋ, ನುಡಿಸುವ ಭಾಗವೊಂದಿತ್ತು. ಜಾಯ್‌ಸ್ಟಿಕ್ ಚುಚ್ಚುವ ಕಿಂಡಿಯೂ ಇತ್ತು; ಅದಕ್ಕೆಂದು ಬೇರೆ ಕಾರ್ಡ್ ಕೊಳ್ಳುವ ಖರ್ಚು, ಬೇರೆ ಸ್ಲಾಟ್ ಎರಡೂ ಉಳಿದವು. ಕಾರ್ಡಿನ ಗೆಲುವಿಗೆ ನಾದದ ಗುಣಕ್ಕಿಂತ ಈ ವ್ಯಾಪಾರೀ ಜಾಣ್ಮೆಯೇ ಹೆಚ್ಚಿನ ಕಾರಣ ಎನ್ನಬೇಕು. 1992ರ ಹೊತ್ತಿಗೆ ಆಡ್‌ಲಿಬ್ ದಿವಾಳಿಯಾಯಿತು. ಅದೇ ವರ್ಷ 16 ಬಿಟ್‌ನ ಸೌಂಡ್ ಬ್ಲಾಸ್ಟರ್ 16 ಬಂತು.

ಈ ಕಾರ್ಡನ್ನು ಆಟವೊಂದು ಬಳಸಬೇಕಾದರೆ ಮೂರು ಅಂಕಿ ಗೊತ್ತಿರಬೇಕಿತ್ತು. ಮೊದಲನೆಯದು ಪೋರ್ಟ್ ವಿಳಾಸ, ಸಾಮಾನ್ಯವಾಗಿ 220: ಪ್ರೊಸೆಸರ್ ಕಾರ್ಡಿಗೆ ಆಜ್ಞೆ ಕಳಿಸುವ ಜಾಗ. ಎರಡನೆಯದು ಐಆರ್‌ಕ್ಯೂ: ಕಾರ್ಡು ಪ್ರೊಸೆಸರ್‌ನ ಗಮನ ಸೆಳೆಯುವ ತಂತಿಯ ಸಂಖ್ಯೆ, ಮೊದಮೊದಲು 7, ಆಮೇಲೆ 5. ಮೂರನೆಯದು ಡಿಎಂಎ ಚಾನೆಲ್, ಬಹುಪಾಲು 1: ಪ್ರೊಸೆಸರ್‌ನ ನೆರವಿಲ್ಲದೆ ಸದ್ದಿನ ದತ್ತಾಂಶ ಮೆಮೊರಿಯಿಂದ ನೇರ ಕಾರ್ಡಿಗೆ ಹರಿಯುವ ದಾರಿ. ಕೆಲಸ ಸಾಗುತ್ತಿದ್ದುದು ಹೀಗೆ. ಆಟ ಮೆಮೊರಿಯ ಒಂದು ತುಂಡಿನಲ್ಲಿ ಸದ್ದನ್ನು ತುಂಬಿಡುತ್ತದೆ. ಕಾರ್ಡು ಅದನ್ನು ಡಿಎಂಎ ಮೂಲಕ ಎಳೆದುಕೊಂಡು ನುಡಿಸುತ್ತದೆ. ತುಂಡು ಮುಗಿಯುತ್ತಲೇ ಐಆರ್‌ಕ್ಯೂ ಎತ್ತಿ ಮುಂದಿನದನ್ನು ಕೇಳುತ್ತದೆ.

ಇದು ತಿಳಿದವರಿಗೆ ತೊಂದರೆಯ ಲಕ್ಷಣ ನೋಡಿಯೇ ತಪ್ಪು ಎಲ್ಲಿದೆಯೆಂದು ಹೇಳಲು ಬರುತ್ತಿತ್ತು. ಹಿನ್ನೆಲೆ ಸಂಗೀತ ಸರಾಗವಾಗಿ ಬರುತ್ತದೆ, ಬಂದೂಕಿನ ಸದ್ದು ಮಾತ್ರ ಇಲ್ಲ ಎಂದರೆ ಯಮಾಹಾ ಚಿಪ್ ಸರಿಯಾಗಿದೆ, ಮುದ್ರಿತ ಸದ್ದಿನ ಭಾಗಕ್ಕೆ ಕೊಟ್ಟ ಅಂಕಿಯಲ್ಲೇ ದೋಷ. ಸಂಗೀತದ ಚಿಪ್ 388 ಎಂಬ ಬೇರೆ ಪೋರ್ಟ್‌ನಲ್ಲಿ ಮಾತಾಡುತ್ತಿತ್ತು, ಅದಕ್ಕೆ ಐಆರ್‌ಕ್ಯೂ, ಡಿಎಂಎ ಬೇಕಿರಲಿಲ್ಲ. ಮಾತಿನ ಮೊದಲ ತುಣುಕು ಮತ್ತೆ ಮತ್ತೆ ಕೇಳಿಸಿ ಆಟ ಅಲ್ಲೇ ನಿಂತರೆ ಐಆರ್‌ಕ್ಯೂ ತಪ್ಪು: ಕಾರ್ಡು ಮುಂದಿನ ತುಂಡು ಬೇಡುತ್ತಿದೆ, ಆಟ ಬೇರೊಂದು ತಂತಿಗೆ ಕಿವಿಗೊಟ್ಟು ಕುಳಿತಿದೆ. ಕಾರ್ಡೇ ಸಿಗಲಿಲ್ಲ ಎಂಬ ಸಂದೇಶ ಬಂದರೆ ಪೋರ್ಟ್ ವಿಳಾಸ ನೋಡಬೇಕು. ಡಿಎಂಎ ತಪ್ಪಿದಾಗ ಮಾತ್ರ ಲಕ್ಷಣ ಅಷ್ಟು ಸ್ಪಷ್ಟವಿರಲಿಲ್ಲ, ಒಮ್ಮೆ ಮೌನ, ಒಮ್ಮೆ ಇಡೀ ಯಂತ್ರವೇ ಸ್ತಬ್ಧ.

ಅಂಕಿಗಳನ್ನು ಬದಲಿಸುವುದೆಂದರೆ ಡಬ್ಬಿ ಬಿಚ್ಚಿ, ಕಾರ್ಡನ್ನು ಸ್ಲಾಟ್‌ನಿಂದ ಕಿತ್ತು, ಅದರ ಮೇಲಿನ ಜೋಡಿ ಕಡ್ಡಿಗಳಿಗೆ ತೊಡಿಸಿದ ಜಂಪರ್ ಎಂಬ ಪುಟ್ಟ ಟೋಪಿಯನ್ನು ಪಕ್ಕದ ಜೋಡಿಗೆ ಸರಿಸುವುದು. ಐಸಾ ಎಂದು ಕರೆಯುತ್ತಿದ್ದ ಆ ಸ್ಲಾಟ್‌ಗಳಲ್ಲಿ ಎರಡು ಕಾರ್ಡುಗಳು ಒಂದೇ ಐಆರ್‌ಕ್ಯೂ ಹಂಚಿಕೊಳ್ಳುವಂತಿರಲಿಲ್ಲ. 7 ಎಂದರೆ ಪ್ರಿಂಟರ್‌ನ ಸಂಖ್ಯೆ. 5 ಎರಡನೇ ಪ್ರಿಂಟರ್‌ನದು, ಹಳೆಯ ಎಕ್ಸ್‌ಟಿ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನದು. 3 ಮತ್ತು 4 ಮೋಡೆಮ್, ಮೌಸ್‌ಗಳ ಪಾಲು. ಉಳಿದ ಜಾಗದಲ್ಲಿ ಸೌಂಡ್ ಕಾರ್ಡು ಹೇಗೋ ತೂರಿಕೊಳ್ಳಬೇಕು. ಡಾಸ್ ಸ್ವತಃ ಪ್ರಿಂಟರ್‌ಗೆ ಐಆರ್‌ಕ್ಯೂ ಬಳಸುತ್ತಿರಲಿಲ್ಲವಾದ್ದರಿಂದ 7ನ್ನು ಇಬ್ಬರಿಗೂ ಕೊಟ್ಟು ಬಚಾವಾದವರು ಬೇಕಾದಷ್ಟು ಮಂದಿ.

ಆಟಗಳಿಗೆ ಈ ಅಂಕಿಗಳನ್ನು ಪ್ರತಿಬಾರಿ ಹೇಳುವುದನ್ನು ತಪ್ಪಿಸಲು ಕ್ರಿಯೇಟಿವ್ ಒಂದು ಉಪಾಯ ಮಾಡಿತು. ಯಂತ್ರ ಶುರುವಾಗುವಾಗ ಓದುವ ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ‘ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಪಿ330 ಟಿ6’ ಎಂಬ ಸಾಲು ಇಡುವುದು. ಎ ಎಂದರೆ ವಿಳಾಸ, ಐ ಐಆರ್‌ಕ್ಯೂ, ಡಿ ಎಂಟು ಬಿಟ್‌ನ ಡಿಎಂಎ, ಎಚ್ ಹದಿನಾರು ಬಿಟ್‌ನದು, ಪಿ ವಾದ್ಯಗಳನ್ನು ಜೋಡಿಸುವ ಮಿಡಿ ಪೋರ್ಟ್, ಟಿ ಕಾರ್ಡಿನ ತಳಿ; 6 ಎಂದರೆ ಸೌಂಡ್ ಬ್ಲಾಸ್ಟರ್ 16. ಈ ಸಾಲು ಕಾರ್ಡಿನ ಸ್ಥಿತಿಯನ್ನು ಬದಲಿಸುತ್ತದೆಂದು ನಂಬಿ ಐ5 ಇದ್ದದ್ದನ್ನು ಐ7 ಮಾಡಿ ಕಾಯುತ್ತಿದ್ದವರು ಕಡಿಮೆಯಿಲ್ಲ. ಜಂಪರ್ ಕಾರ್ಡುಗಳ ಮಟ್ಟಿಗೆ ಅದು ಬರೀ ಒಕ್ಕಣೆ. ಜಂಪರ್ 5ರಲ್ಲೇ ಇದ್ದರೆ ಕಾರ್ಡೂ 5ರಲ್ಲೇ. ಸೌಂಡ್ ಬ್ಲಾಸ್ಟರ್ 16 ಬಂದ ಮೇಲೆ ಐಆರ್‌ಕ್ಯೂ, ಡಿಎಂಎಗಳನ್ನು ತಂತ್ರಾಂಶದಿಂದಲೇ ಕೂರಿಸುವ ಅನುಕೂಲವಾಯಿತು.

ಒಂದೊಂದು ಕಾರ್ಡಿಗೂ ಡ್ರೈವರ್ ಬರೆಯುವುದು ಆಟದ ಕಂಪನಿಗಳಿಗೂ ಸಾಕಾಗಿತ್ತು. ಜಾನ್ ಮೈಲ್ಸ್ ಬರೆದ ಮೈಲ್ಸ್ ಸೌಂಡ್ ಸಿಸ್ಟಮ್, ಎಚ್‌ಎಂಐ ಕಂಪನಿಯ ಎಸ್‌ಒಎಸ್, ಜಾನ್ ರ‍್ಯಾಟ್‌ಕ್ಲಿಫ್ ಅವರ ಡಿಗ್‌ಪ್ಯಾಕ್ ಮತ್ತು ಮಿಡ್‌ಪ್ಯಾಕ್‌ಗಳು ಹುಟ್ಟಿದ್ದು ಆ ಕೊರತೆ ತುಂಬಲು. ಬೇರೆ ಬೇರೆ ಕಂಪನಿಗಳ ಆಟಗಳಲ್ಲಿ ಒಂದೇ ಬಗೆಯ ಸೆಟಪ್ ಪರದೆ ಕಾಣುತ್ತಿದ್ದುದಕ್ಕೆ ಇದು ಕಾರಣ. 1993ರ ಡಿಸೆಂಬರ್‌ನಲ್ಲಿ ಬಂದ ಡೂಮ್ ಆಟದ ಸೆಟಪ್ ಸಂಗೀತಕ್ಕೆ ಯಾವ ಕಾರ್ಡು, ಸದ್ದಿಗೆ ಯಾವುದು ಎಂದು ಬೇರೆ ಬೇರೆಯಾಗಿ ಕೇಳಿ, ಒಟ್ಟಿಗೆ ಎಷ್ಟು ಸದ್ದು ಬೆರೆಸಲಿ ಎಂದೂ ವಿಚಾರಿಸುತ್ತಿತ್ತು. ಡೂಮ್ ಬಳಸಿದ್ದು ಪಾಲ್ ರಾಡೆಕ್ ಅವರ ಡಿಎಂಎಕ್ಸ್ ಎಂಬ ಸದ್ದಿನ ತಂತ್ರಾಂಶ ಸಂಗ್ರಹ. 1997ರಲ್ಲಿ ಆಟ ಮಾಡಿದ ಇಡ್ ಸಾಫ್ಟ್‌ವೇರ್ ಡೂಮ್‌ನ ಮೂಲ ಸಂಕೇತವನ್ನು ಲೋಕಕ್ಕೆ ಬಿಟ್ಟುಕೊಟ್ಟಾಗ ಡಿಎಂಎಕ್ಸ್‌ನ ಹಕ್ಕು ತನ್ನದಲ್ಲದ ಕಾರಣ ಆ ಭಾಗ ಕೊಡಲಾಗದೆ, ಲಿನಕ್ಸ್ ಆವೃತ್ತಿಯನ್ನು ಬಿಡುಗಡೆ ಮಾಡಬೇಕಾಯಿತು.

ದನಿ ಬಂತು ಎನ್ನುವಾಗ ಮೆಮೊರಿಯ ಕಾಟ. ಡಾಸ್‌ಗೆ ನೇರವಾಗಿ ಸಿಗುತ್ತಿದ್ದುದು 640 ಕಿಲೋಬೈಟ್; ಯಂತ್ರದಲ್ಲಿ 8 ಮೆಗಾಬೈಟ್ ಇದ್ದರೂ ಅಷ್ಟೇ. ಮೌಸ್ ಡ್ರೈವರ್, ಸಿಡಿ ಡ್ರೈವ್‌ಗೆ ಬೇಕಾದ ಎಂಎಸ್‌ಸಿಡಿಇಎಕ್ಸ್ ಎಲ್ಲವೂ ಅದರಲ್ಲೇ ಪಾಲು ಕೇಳುತ್ತಿದ್ದವು. 1991ರ ಡಾಸ್ 5, ಹಿಮೆಮ್ ಮತ್ತು ಇಎಂಎಂ386 ಎಂಬ ಮೆಮೊರಿ ನಿರ್ವಾಹಕಗಳ ನೆರವಿನಿಂದ ಈ ಡ್ರೈವರ್‌ಗಳನ್ನು ಮೇಲಿನ ಮೆಮೊರಿಗೆ ಹತ್ತಿಸುವ ದಾರಿ ತೋರಿಸಿತು. ಅದೂ ಎಲ್ಲರಿಗೂ ಒಗ್ಗಲಿಲ್ಲ: 1992ರ ಅಲ್ಟಿಮಾ 7 ಇಎಂಎಂ386 ಇದ್ದರೆ ಶುರುವೇ ಆಗುತ್ತಿರಲಿಲ್ಲ. ಒಂದು ಆಟಕ್ಕೆ ಬೇಕಾದದ್ದು ಇನ್ನೊಂದಕ್ಕೆ ವಿಷ. ಹಾಗಾಗಿ ಆಟಕ್ಕೊಂದು ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳುವ ರೂಢಿ ಬಂತು. 1993ರ ಡಾಸ್ 6ರಲ್ಲಿ, ಯಂತ್ರ ಶುರುವಾಗುವಾಗ ಓದುವ ಇನ್ನೊಂದು ಫೈಲಾದ ಕಾನ್ಫಿಗ್.ಸಿಸ್ ಒಳಗೇ ಆಯ್ಕೆಪಟ್ಟಿ ಬರೆಯುವ ಸೌಲಭ್ಯ ಸಿಕ್ಕಿತು. ಸೌಂಡ್ ಬ್ಲಾಸ್ಟರ್ 16ರ ಫ್ಲಾಪಿ ಕಾನ್ಫಿಗ್.ಸಿಸ್‌ಗೆ ಸೇರಿಸುತ್ತಿದ್ದ ಡ್ರೈವರ್‌ಗಳು ಕ್ರಿಯೇಟಿವ್‌ನ ಸ್ವಂತ ಉಪಕರಣಗಳಿಗೆ ಮಾತ್ರ ಬೇಕಾದವು, ಆಟಗಳು ಅವನ್ನು ಮುಟ್ಟುತ್ತಲೂ ಇರಲಿಲ್ಲ. ಆ ಸಾಲುಗಳನ್ನು ಅಳಿಸಿದರೆ ಆಟ ನಿಲ್ಲುವ ಬದಲು ಓಡಲು ಜಾಗ ಸಿಗುತ್ತಿತ್ತು. ಕೈಪಿಡಿ ಓದಿದವರಿಗಿಂತ ಅಳಿಸಿ ನೋಡಿದವರಿಗೇ ಇದು ಬೇಗ ತಿಳಿಯಿತು.

ಇದೇ ಡಾಸ್ ಕಾಲದಲ್ಲಿ ಭಾರತದಲ್ಲಿ ಸ್ಲಾಟ್‌ಗೆ ಕೂರುವ ಇನ್ನೊಂದು ಕಾರ್ಡು ಬಂತು, ಅದರ ರೀತಿಯೇ ಬೇರೆ. ಐಐಟಿ ಕಾನ್ಪುರದಲ್ಲಿ ಹುಟ್ಟಿದ ತಂತ್ರವನ್ನು 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಬೆಳೆಸಿ ರೂಪಿಸಿದ ಜಿಸ್ಟ್ ಕಾರ್ಡು ಪಿಸಿಯ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. ವರ್ಡ್‌ಸ್ಟಾರ್, ಡಿಬೇಸ್‌ನಂಥ ತಂತ್ರಾಂಶಗಳು ಎಂದಿನಂತೆ ಅಕ್ಷರ ಬರೆಯುತ್ತಿದ್ದವು, ಕಾರ್ಡು ನಡುವೆ ನಿಂತು ಅದನ್ನು ಕನ್ನಡವನ್ನೋ ದೇವನಾಗರಿಯನ್ನೋ ಮಾಡಿ ತೋರಿಸುತ್ತಿತ್ತು. ತಂತ್ರಾಂಶಕ್ಕೆ ಅದರ ಸುಳಿವೂ ಬೇಕಿರಲಿಲ್ಲ. ಅದು ಬಳಸುತ್ತಿದ್ದ ಇಸ್ಕಿ ಎಂಬ ಲಿಪಿಸಂಕೇತದಲ್ಲಿ, 1991ರ ಭಾರತೀಯ ಮಾನಕದಂತೆ, ಕನ್ನಡದ ಕ, ದೇವನಾಗರಿಯ ಕ ಎರಡಕ್ಕೂ ಒಂದೇ ಸಂಖ್ಯೆ. ಒಮ್ಮೆ ಹಾಕಿದ ಹೆಸರಿನ ಪಟ್ಟಿಯನ್ನು ಲಿಪಿ ಬದಲಿಸಿ ನೋಡಬಹುದಿತ್ತು. ಮನೆಮಾತು ಕನ್ನಡ, ಕಚೇರಿಯ ಭಾಷೆ ಮರಾಠಿ ಆಗಿರುವ ಮನೆಗಳು ಎಷ್ಟೋ ಇರುವ ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆಯ ಕಡೆಗೆ ಇಂಥ ಏರ್ಪಾಡು ಎಷ್ಟು ಒಪ್ಪುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸದ್ದಿನ ವಿಷಯದಲ್ಲಿ ಹಾಗೆ ನಡುವೆ ನಿಲ್ಲುವವರು ಯಾರೂ ಇರಲಿಲ್ಲ. ಆಟ ಮತ್ತು ಕಾರ್ಡು ಪರಸ್ಪರ ಮುಖಾಮುಖಿ, ಮಧ್ಯಸ್ಥಿಕೆಗೆ ಇದ್ದವರು ಆಟ ಆಡುವವರೇ. ಕಂಪ್ಯೂಟರ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್‌ಪಿ ರಸ್ತೆಯೋ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯೋ ಹತ್ತಿರವಿಲ್ಲದ ಊರುಗಳಲ್ಲಿ ಈ ಮಧ್ಯಸ್ಥಿಕೆ ಇನ್ನೂ ಕಷ್ಟ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ಅದೂ ಮೊದಲಿಗೆ ಮಹಾನಗರಗಳಲ್ಲಿ. ಡ್ರೈವರ್ ಫ್ಲಾಪಿಗೆ ಬೂಷ್ಟು ಹಿಡಿದರೆ ಕಾರ್ಡೂ ಇದ್ದೂ ಇಲ್ಲದಂತೆ.

ಫ್ಲಾಪಿ ಅಷ್ಟು ಮುಖ್ಯವಾಗಿದ್ದು ಅಗ್ಗದ ಕಾರ್ಡುಗಳಿಂದ. ಅಜ್ಟೆಕ್, ಇಎಸ್ಎಸ್, ಆಪ್ಟಿ, ಕ್ರಿಸ್ಟಲ್ ಚಿಪ್‌ಗಳ ಕಾರ್ಡುಗಳೆಲ್ಲ ‘ಸೌಂಡ್ ಬ್ಲಾಸ್ಟರ್‌ಗೆ ಸಮ’ ಎಂದು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಹಲವಕ್ಕೆ ಯಂತ್ರ ಶುರುವಾದಾಗಲೆಲ್ಲ ಪುಟ್ಟ ಪ್ರೋಗ್ರಾಮ್ ಒಂದು ಓಡಿ, ಸೌಂಡ್ ಬ್ಲಾಸ್ಟರ್ ವೇಷ ಹಾಕಿಸಬೇಕಿತ್ತು. ಕೆನಡಾದ ಗ್ರಾವಿಸ್ ಅಲ್ಟ್ರಾಸೌಂಡ್ 1992ರಲ್ಲಿ ನಿಜವಾದ ವಾದ್ಯಗಳ ಮಾದರಿಗಳನ್ನು ನುಡಿಸುತ್ತ ಬಂತು, ನಾದದಲ್ಲಿ ಅದು ಎಷ್ಟೋ ಮೇಲು. ಆದರೆ ಯಮಾಹಾ ಚಿಪ್ ಇಲ್ಲದ್ದರಿಂದ ಹಳೆಯ ಆಟಗಳಿಗೆ ಅನುಕರಣೆಯ ತಂತ್ರಾಂಶವೇ ಗತಿಯಾಯಿತು. ಒಳ್ಳೆಯ ಕಾರ್ಡಿಗಿಂತ ಎಲ್ಲರಂಥ ಕಾರ್ಡೇ ಗೆದ್ದ ಪ್ರಸಂಗ ಇದು.

ಯಂತ್ರಗಳ ವೇಗವೂ ಮುಳುವಾಯಿತು. ಆಡ್‌ಲಿಬ್ ಚಿಪ್‌ಗೆ ಒಂದು ಆಜ್ಞೆ ಕೊಟ್ಟ ಮೇಲೆ ದತ್ತಾಂಶಕ್ಕೆ 3.3 ಮೈಕ್ರೋಸೆಕೆಂಡ್, ಮುಂದಿನ ಆಜ್ಞೆಗೆ 23 ಮೈಕ್ರೋಸೆಕೆಂಡ್ ಬಿಡುವು ಬೇಕು. ಕೆಲವು ಆಟಗಳು ಆ ಬಿಡುವನ್ನು ಪ್ರೊಸೆಸರ್ ಸುಮ್ಮನೆ ಎಣಿಸುವ ಸುತ್ತುಗಳಿಂದ ಅಳೆಯುತ್ತಿದ್ದವು. ಹಳೆಯ 286 ಪ್ರೊಸೆಸರ್‌ನಲ್ಲಿ ಸಾಲುತ್ತಿದ್ದ ಎಣಿಕೆ ಆಮೇಲಿನ ಪೆಂಟಿಯಂನಲ್ಲಿ ಕಣ್ಮುಚ್ಚಿ ತೆರೆಯುವುದರೊಳಗೆ ಮುಗಿದು, ಕಾರ್ಡೇ ಇಲ್ಲವೆಂದು ಆಟ ತೀರ್ಮಾನಿಸುತ್ತಿತ್ತು. ಡಬ್ಬಿಯ ಮೇಲಿನ ಟರ್ಬೊ ಗುಂಡಿ ಒತ್ತಿ ಯಂತ್ರವನ್ನು ನಿಧಾನಗೊಳಿಸುವುದೇ ಆಗ ಪರಿಹಾರ.

ವಿಂಡೋಸ್ 95 ಮತ್ತು ಡೈರೆಕ್ಟ್‌ಎಕ್ಸ್‌ನೊಂದಿಗೆ ಸದ್ದಿನ ಜವಾಬ್ದಾರಿ ಕಾರ್ಯಾಚರಣ ವ್ಯವಸ್ಥೆಗೆ ಹೋಯಿತು. ಹೊಸ ಆಟಗಳಿಗೆ ಅಂಕಿ ಕೇಳುವ ಅಗತ್ಯ ತಪ್ಪಿತು, ಹಳೆಯವುಗಳ ಪಾಡು ಕೆಟ್ಟಿತು. ಹೊಸ ಪಿಸಿಐ ಸ್ಲಾಟ್‌ಗಳಲ್ಲಿ ಐಸಾ ಡಿಎಂಎಯ ತಂತಿಗಳೇ ಇರಲಿಲ್ಲ. 1998ರ ಸೌಂಡ್ ಬ್ಲಾಸ್ಟರ್ ಲೈವ್ ತನ್ನದೇ ಕಂಪನಿಯ ಹಳೆಯ ಕಾರ್ಡನ್ನು ಇಎಂಎಂ386ರ ಸಹಾಯದಿಂದ ನಟಿಸಿ ತೋರಿಸಬೇಕಾಯಿತು, ಆ ನಟನೆಯನ್ನು ಎಲ್ಲ ಆಟಗಳೂ ಒಪ್ಪಲಿಲ್ಲ. ಪಿಸಿ ತಯಾರಕರಿಗೆಂದು ಬಂದ ಪಿಸಿ 99 ಮಾರ್ಗಸೂಚಿ ಐಸಾ ಸ್ಲಾಟ್‌ಗಳನ್ನೇ ಕೈಬಿಡುವಂತೆ ಹೇಳಿತು.

2002ರಲ್ಲಿ ಡಚ್ ಪ್ರೋಗ್ರಾಮರ್‌ಗಳಾದ ಪೀಟರ್ ವೀನ್‌ಸ್ಟ್ರಾ ಮತ್ತು ಶೋರ್ಡ್ ವಾನ್ ಡೆರ್ ಬರ್ಗ್ ಅವರ ಡಾಸ್‌ಬಾಕ್ಸ್ ಇಡೀ ಯಂತ್ರವನ್ನೇ ತಂತ್ರಾಂಶದಲ್ಲಿ ಕಟ್ಟಿಕೊಟ್ಟಿತು. ಅದರ ಹೊಂದಾಣಿಕೆ ಫೈಲಿನಲ್ಲಿ ಬೇರೇನೂ ಹೇಳದಿದ್ದರೆ ಕಾರ್ಡು ಸೌಂಡ್ ಬ್ಲಾಸ್ಟರ್ 16, ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1. 2008ರಿಂದ ಹಳೆಯ ಆಟಗಳನ್ನು ಮಾರುತ್ತಿರುವ ಪೋಲೆಂಡಿನ ಜಿಒಜಿ ಅನೇಕ ಡಾಸ್ ಆಟಗಳನ್ನು ಡಾಸ್‌ಬಾಕ್ಸ್ ಜೊತೆಗೇ ಕಟ್ಟಿ ಕೊಡುತ್ತದೆ. ಎಂಟಿ-32ನ್ನು ಅನುಕರಿಸಲು ಮಂಟ್ ಎಂಬ ತಂತ್ರಾಂಶವಿದೆ. ಈಚಿನ ವರ್ಷಗಳಲ್ಲಿ ಬಂದಿರುವ ಎಸ್‌ಬಿಇಎಂಯು ಇನ್ನೊಂದು ದಾರಿ ಹಿಡಿದಿದೆ: ಹೊಸ ಲ್ಯಾಪ್‌ಟಾಪಿನಲ್ಲಿ ನಿಜವಾದ ಡಾಸನ್ನೇ ಓಡಿಸಿ, 220ನೇ ಪೋರ್ಟ್‌ಗೆ ಆಟ ಕಳಿಸುವ ಆಜ್ಞೆಗಳನ್ನು ನಡುವೆಯೇ ಹಿಡಿದು ಮದರ್‌ಬೋರ್ಡಿನ ಸದ್ದಿನ ಚಿಪ್‌ಗೆ ದಾಟಿಸುತ್ತದೆ. ಅದನ್ನು ಶುರುಮಾಡುವಾಗಲೂ ವಿಳಾಸ, ಐಆರ್‌ಕ್ಯೂ, ಡಿಎಂಎಗಳನ್ನು ಆಜ್ಞೆಯ ಜೊತೆ ಕೊಡಬಹುದು, ಇಲ್ಲವೇ ಅದು ಬ್ಲಾಸ್ಟರ್ ಸಾಲನ್ನು ಓದಿಕೊಳ್ಳುತ್ತದೆ.