ನೆನಾನದಿಂದ ನೋಮ್‌ಗೆ: ದೂರ, ವೇಗ ಮತ್ತು ಕಾಲ

ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ಸಿಗುತ್ತದೆ. ಶಾಲೆಯಲ್ಲಿ ಕಲಿಯುವ ಈ ಲೆಕ್ಕವನ್ನೇ ಒಮ್ಮೆ ಮಕ್ಕಳ ಪ್ರಾಣ ಉಳಿಸುವ ಸಲುವಾಗಿ ಮಾಡಬೇಕಾಗಿ ಬಂದಿತ್ತು.

1925ರ ಜನವರಿಯಲ್ಲಿ ಅಲಾಸ್ಕದ ಪಶ್ಚಿಮ ತೀರದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯ (ಗಂಟಲಮಾರಿ) ಹರಡತೊಡಗಿತು. ವೈದ್ಯ ಕರ್ಟಿಸ್ ವೆಲ್ಚ್ ಅವರ ಬಳಿಯಿದ್ದ ಪ್ರತಿವಿಷದ ಅವಧಿ ಮುಗಿದಿತ್ತು. ಕಡಲು ಹೆಪ್ಪುಗಟ್ಟಿದ್ದರಿಂದ ಹಡಗು ಬರುವಂತಿರಲಿಲ್ಲ. ಆ್ಯಂಕರೇಜ್‌ನಲ್ಲಿ ದೊರೆತ 3 ಲಕ್ಷ ಯೂನಿಟ್ ಪ್ರತಿವಿಷವನ್ನು ನೆನಾನದವರೆಗೆ ರೈಲಿನಲ್ಲಿ ತರಬಹುದಿತ್ತು. ಅಲ್ಲಿಂದ ಮುಂದೆ ಹಳಿಯೂ ಇಲ್ಲ, ರಸ್ತೆಯೂ ಇಲ್ಲ.

ಈ ಎರಡು ಊರುಗಳ ನಡುವಿನ ದೂರವೆಷ್ಟು? ಎರಡೂ ಸುಮಾರು 64.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶದ ಅಂತರ 16 ಡಿಗ್ರಿಗೂ ಸ್ವಲ್ಪ ಹೆಚ್ಚು. ಸಮಭಾಜಕ ವೃತ್ತದ ಮೇಲಾದರೆ ಇದು 1,800 ಕಿಮೀ ಆಗುತ್ತಿತ್ತು. ಧ್ರುವದತ್ತ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಇಲ್ಲಿ ನೇರ ದೂರ ಸುಮಾರು 780 ಕಿಮೀ ಮಾತ್ರ. ಆದರೆ ನದಿ, ತೀರಗಳನ್ನು ಅನುಸರಿಸುವ ನಾಯಿಬಂಡಿಯ ಜಾಡು 1,085 ಕಿಮೀ ಉದ್ದವಿತ್ತು.

ವಿಮಾನ ಆಗ ಅಲಾಸ್ಕಕ್ಕೆ ಹೊಸದೇನಲ್ಲ. 1924ರ ಫೆಬ್ರವರಿ 21ರಂದು ಕಾರ್ಲ್ ಬೆನ್ ಐಲ್ಸನ್ ಫೇರ್‌ಬ್ಯಾಂಕ್ಸ್‌ನಿಂದ ಮೆಗ್ರಾತ್‌ಗೆ ಅಂಚೆ ಹೊತ್ತು ಮೂರು ಗಂಟೆಯೊಳಗೆ ತಲಪಿದ್ದರು. ನಾಯಿಬಂಡಿಗೆ ಅದೇ ಹಾದಿಗೆ ಎರಡು ವಾರಕ್ಕೂ ಹೆಚ್ಚು ಕಾಲ ಬೇಕಿತ್ತು. ವಿಮಾನದ ಸರಾಸರಿ ವೇಗವನ್ನು ಗಂಟೆಗೆ 155 ಕಿಮೀ ಎಂದಿಟ್ಟುಕೊಂಡರೆ ನೋಮ್ ಕೇವಲ ಐದು ಗಂಟೆಯ ಹಾದಿ!

ಆದರೂ ಗವರ್ನರ್ ಸ್ಕಾಟ್ ಬೋನ್ ನಾಯಿಬಂಡಿಯನ್ನೇ ಆರಿಸಿದರು. ಏಕೆ? ಫೇರ್‌ಬ್ಯಾಂಕ್ಸ್‌ನಲ್ಲಿದ್ದ ವಿಮಾನಗಳನ್ನು ಚಳಿಗಾಲಕ್ಕಾಗಿ ಬಿಚ್ಚಿಡಲಾಗಿತ್ತು. ಅವುಗಳ ಎಂಜಿನ್ ನೀರಿನಿಂದ ತಂಪಾಗುವಂಥದು. ಕಡುಚಳಿಯಲ್ಲಿ ಆ ನೀರೇ ಹೆಪ್ಪುಗಟ್ಟಬಹುದು, ಎಣ್ಣೆ ಗಟ್ಟಿಯಾಗಬಹುದು. ಚಾಲಕ ಕೂರುವ ಜಾಗಕ್ಕೆ ಮುಚ್ಚಿಗೆಯಿರಲಿಲ್ಲ. ಹಗಲೂ ಚಿಕ್ಕದು. ಐಲ್ಸನ್ ಅವರೇ ಮರುಪ್ರಯಾಣದಲ್ಲಿ ಕತ್ತಲಾಗಿ ದಾರಿ ತಪ್ಪಿದ್ದರು, ಇಳಿಯುವಾಗ ವಿಮಾನಕ್ಕೆ ಪೆಟ್ಟಾಗಿತ್ತು. ಇಂಥ ಅಪಘಾತಗಳ ಬಳಿಕ ಅಂಚೆ ಇಲಾಖೆ 1924ರಲ್ಲೇ ಆ ಪ್ರಯೋಗವನ್ನು ನಿಲ್ಲಿಸಿತ್ತು. ವಿಮಾನ ನಡುದಾರಿಯಲ್ಲಿ ಬಿದ್ದರೆ ಚಾಲಕನ ಜೊತೆಗೆ ಪ್ರತಿವಿಷವೂ ಹೋದಂತೆಯೇ.

ಜನವರಿ 27ರ ರಾತ್ರಿ ನೆನಾನದಿಂದ ಮೊದಲ ಬಂಡಿ ಹೊರಟಿತು. 20 ಮಂದಿ ಚಾಲಕರು, ಸುಮಾರು 150 ನಾಯಿಗಳು ಸರದಿಯಂತೆ ಪೊಟ್ಟಣವನ್ನು ದಾಟಿಸಿದರು. ಅತಿ ಉದ್ದದ ಸರದಿ ಲೆನಾರ್ಡ್ ಸೆಪ್ಪಾಲ ಅವರದು. ಅವರ ತಂಡದ ಮುಂದಾಳು ನಾಯಿ ಟೋಗೊ. ಕೊನೆಯ ಬಂಡಿಯನ್ನು ನಡೆಸಿದವರು ಗುನ್ನಾರ್ ಕಾಸೆನ್. ಫೆಬ್ರವರಿ 2ರ ಮುಂಜಾನೆ ಪ್ರತಿವಿಷ ನೋಮ್ ಸೇರಿತು. ಅದು ಹೆಪ್ಪುಗಟ್ಟಿತ್ತು, ಕರಗಿಸಿದಾಗ ಬಳಕೆಗೆ ಯೋಗ್ಯವಾಗಿಯೇ ಇತ್ತು. ಒಟ್ಟು ಕಾಲ 127.5 ಗಂಟೆ. ಸರಾಸರಿ ವೇಗ ಗಂಟೆಗೆ 8.5 ಕಿಮೀ.

ಐದು ಗಂಟೆಯ ಬದಲು ಐದು ದಿನಗಳಿಗೂ ಹೆಚ್ಚು! ಆದರೆ ಐದು ಗಂಟೆ ಎಂಬುದು ಹಾರಾಟದ ಕಾಲ. ಅದು ಪ್ರಯಾಣದ ಕಾಲವಲ್ಲ. ವಿಮಾನವನ್ನು ಜೋಡಿಸುವುದು, ಎಂಜಿನ್ ಬಿಸಿಮಾಡುವುದು, ಹವಾಮಾನಕ್ಕೆ ಕಾಯುವುದು, ಎಲ್ಲಕ್ಕಿಂತ ಮಿಗಿಲಾಗಿ ತಲಪದೇ ಹೋಗುವ ಸಂಭವ - ಇವು ಭಾಗಾಕಾರದಲ್ಲಿ ಕಾಣುವುದಿಲ್ಲ.

ಮುಚ್ಚಿದ ಕೋಣೆ, ಗಾಳಿಯಿಂದ ತಂಪಾಗುವ ಎಂಜಿನ್, ರೇಡಿಯೊ, ಇಳಿದಾಣಗಳು ಬಂದ ಮೇಲೆ ವಿಮಾನ ಅಲಾಸ್ಕದ ಮುಖ್ಯ ವಾಹನವಾಯಿತು. ಹಾಗಿದ್ದೂ ನಾಯಿಬಂಡಿಯ ಅಂಚೆ 1963ರವರೆಗೂ ಉಳಿದಿತ್ತು. ತರಗತಿಯಲ್ಲಿ ಭೂಗೋಳದ ಮೇಲೆ ದಾರವಿಟ್ಟು ನೆನಾನ-ನೋಮ್ ದೂರವನ್ನು ಅಳೆಯಿರಿ. ಬಳಿಕ ಈ ಎರಡು ಕಾಲಗಳನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ. ಗವರ್ನರ್ ಸ್ಥಾನದಲ್ಲಿ ತಾವಿದ್ದರೆ ಯಾವುದನ್ನು ಆರಿಸುತ್ತಿದ್ದರು ಎಂದೂ ಕೇಳಿ.