ಅಳುವ ಕೂಸಿಗೆ ಕೊಟ್ಟ ಉತ್ತರಗಳು

‘ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ದೊಡ್ಡವರ ಬೇಡಿಕೆಗಳ ಸಂದರ್ಭದಲ್ಲಿ ಬಳಸುತ್ತೇವೆ. ಸಂಬಳ ಹೆಚ್ಚಬೇಕಾದರೆ, ಬೀದಿಗೆ ನೀರು ಬರಬೇಕಾದರೆ ಈ ಮಾತು ನಾಲಿಗೆಗೆ ಬರುತ್ತದೆ. ಆದರೆ ಗಾದೆಯ ಮೂಲದಲ್ಲಿರುವುದು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿರುವ ಒಂದು ಹಸುಗೂಸು. ಅದರ ಅಳು ಮನುಷ್ಯ ಸಲ್ಲಿಸುವ ಮೊದಲ ಅರ್ಜಿ. ಆ ಅರ್ಜಿಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ, ಅದು ಶಿಶುಗಳ ಚರಿತ್ರೆಗಿಂತ ಹೆಚ್ಚಾಗಿ ತಾಯಂದಿರ ಸಮಯದ ಚರಿತ್ರೆಯಾಗಿ ಕಾಣುತ್ತದೆ. ಆ ಚರಿತ್ರೆಯ ಒಂದು ಕಹಿ ಅಧ್ಯಾಯ ನಾವು ಬದುಕುತ್ತಿರುವ ಮುಂಬಯಿಯಲ್ಲೇ ನಡೆದುಹೋಗಿದೆ.

ಅಳುವ ಮಗುವನ್ನು ಕುರಿತ ಅತ್ಯಂತ ಹಳೆಯ ಬರಹಗಳಲ್ಲೊಂದು ಮೆಸೊಪೊಟೇಮಿಯದ ಜೇಡಿಮಣ್ಣಿನ ಫಲಕದ ಮೇಲಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಮಂತ್ರರೂಪದ ಜೋಗುಳದಲ್ಲಿ, ಕತ್ತಲ ಮನೆಯಿಂದ ಹೊರಬಂದು ಸೂರ್ಯನನ್ನು ಕಂಡ ಮಗುವನ್ನು ಏಕೆ ಅಳುವೆ ಎಂದು ಕೇಳಲಾಗಿದೆ. ಅದರ ಗಲಾಟೆಗೆ ಮನೆದೇವರ ನಿದ್ದೆ ಕೆಟ್ಟಿತೆಂದು ಆಕ್ಷೇಪಿಸಲಾಗಿದೆ. ಮಗುವಿಗೆ ನಿದ್ದೆ ಬರಲೆಂಬ ಹಾರೈಕೆಯೊಂದಿಗೆ ತಮಗೂ ನಿದ್ದೆ ಬರಲೆಂಬ ದೊಡ್ಡವರ ಬೇಡಿಕೆ ಅಂದಿನಿಂದಲೇ ಬೆರೆತಿದೆ. ಲೋಕದ ಎಲ್ಲ ಜೋಗುಳಗಳಲ್ಲೂ ಮುದ್ದಿನ ಜೊತೆಗೆ ಒಂದಿಷ್ಟು ದಣಿವು ಇದ್ದೇ ಇರುತ್ತದೆ.

ನಮ್ಮ ವೈದ್ಯಪರಂಪರೆ ಇದೇ ಅಳುವನ್ನು ಎರಡು ಬಗೆಯಲ್ಲಿ ಓದಿತು. ಸುಶ್ರುತಸಂಹಿತೆಯ ಉತ್ತರತಂತ್ರ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ಸ್ಕಂದ, ಶಕುನಿ, ರೇವತಿ, ಪೂತನಾ ಅವುಗಳಲ್ಲಿ ಕೆಲವು. ಕೃಷ್ಣನ ಕಥೆಯಲ್ಲಿ ವಿಷದ ಮೊಲೆಯೂಡಿಸಲು ಬಂದ ಪೂತನಿಯನ್ನು ಇಲ್ಲಿ ಕೂಸನ್ನು ಹಿಡಿಯುವ ಗ್ರಹವಾಗಿ ಕಾಣುತ್ತೇವೆ. ಇನ್ನೊಂದು ಓದು ಕಾಶ್ಯಪಸಂಹಿತೆಯದು. ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ 1938ರಲ್ಲಿ ಅಚ್ಚಾದ ಈ ಗ್ರಂಥ ಮಕ್ಕಳ ವೈದ್ಯಕ್ಕೇ ಮೀಸಲಾದುದು. ಅದರ ವೇದನಾಧ್ಯಾಯ ಎತ್ತಿಕೊಳ್ಳುವ ಪ್ರಶ್ನೆ ಬಹಳ ಸರಳ: ಮಾತು ಬಾರದ ಮಗುವಿನ ನೋವನ್ನು ತಿಳಿಯುವುದು ಹೇಗೆ? ತಲೆನೋವಿದ್ದರೆ ಮಗು ತಲೆ ಹೊರಳಿಸುತ್ತದೆ, ಕಿವಿನೋವಿದ್ದರೆ ಕಿವಿಗೆ ಕೈ ಒಯ್ಯುತ್ತದೆ, ಹೊಟ್ಟೆ ನುಲಿಯುತ್ತಿದ್ದರೆ ಮೊಲೆ ಬಿಟ್ಟು ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ. ಔಷಧಕ್ಕೆ ಮೊದಲು ನೋಡುವಿಕೆ. ಅಳುವನ್ನು ನಿಲ್ಲಿಸುವುದಕ್ಕೆ ಮೊದಲು ಅದನ್ನು ಓದುವುದು. ಈ ಕ್ರಮವನ್ನು ನೆನಪಿನಲ್ಲಿಡೋಣ. ಮುಂದೆ ಕೈಗಾರಿಕೆಯ ಕಾಲದಲ್ಲಿ ತಲೆಕೆಳಗಾದದ್ದು ಇದೇ.

ಕನ್ನಡದ ಮನೆಗಳಲ್ಲಿ ಈ ಓದುವಿಕೆ ಬಾಣಂತನದ ಭಾಗವಾಗಿತ್ತು. ಎರೆಯುವ ಅಜ್ಜಿಗೆ ಹಸಿವಿನ ಅಳು ಯಾವುದು, ಹೊಟ್ಟೆನೋವಿನದು ಯಾವುದು, ದೃಷ್ಟಿಯದು ಯಾವುದು ಎಂಬ ಲೆಕ್ಕವಿತ್ತು. ಸಾಣೆಕಲ್ಲಿನ ಮೇಲೆ ಬಜೆ, ಅಳಲೆಕಾಯಿ, ಜಾಕಾಯಿಗಳನ್ನು ಇಷ್ಟೇ ಸುತ್ತು ಎಂದು ಎಣಿಸಿ ತೇಯುವ ಶಿಸ್ತಿತ್ತು. ಆ ಮದ್ದುಗಳೆಲ್ಲ ನಿರಪಾಯಕಾರಿಯಾಗಿದ್ದವೆಂದು ನಾವು ಹೇಳುತ್ತಿಲ್ಲ. ಜಾಕಾಯಿ ಅಳತೆ ಮೀರಿದರೆ ವಿಷವೇ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ ಎಂಬುದು ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಆ ಮನೆಯಲ್ಲಿ ಕೈಗಳಿದ್ದವು. ತಾಯಿಯ ತೋಳು ಸೋತರೆ ಅತ್ತೆಯ ಮಡಿಲು, ಅದೂ ದಣಿದರೆ ಜಂತಿಗೆ ಕಟ್ಟಿದ ಸೀರೆಯ ಜೋಲಿ, ಆ ಜೋಲಿಯ ಹಗ್ಗ ಜಗ್ಗಲು ಎಂಟು ವರ್ಷದ ಅಕ್ಕ. ಆ ಅಕ್ಕ ಶಾಲೆಗೆ ಹೋಗಲಿಲ್ಲ ಎಂಬುದೂ ಈ ಚಿತ್ರದೊಳಗಿನ ಸತ್ಯವೇ. ಜೋಗುಳವೆಂದರೆ ರಾಗ ಮಾತ್ರವಲ್ಲ, ಯಾರೋ ಒಬ್ಬರು ಆ ಹೊತ್ತನ್ನು ಮಗುವಿಗೆ ಕೊಟ್ಟಿದ್ದಾರೆ ಎಂಬುದರ ಗುರುತು.

ಆ ಹೊತ್ತನ್ನು ಗಿರಣಿಯ ಭೋಂಗಾ ಕಸಿದುಕೊಂಡಾಗ ಏನಾಯಿತು? ಇದರ ಮೊದಲ ಪ್ರಯೋಗ ನಡೆದದ್ದು ಇಂಗ್ಲೆಂಡಿನಲ್ಲಿ. ಮ್ಯಾಂಚೆಸ್ಟರ್, ನಾಟಿಂಗ್‌ಹ್ಯಾಮ್‌ನಂಥ ಊರುಗಳಲ್ಲಿ ತಾಯಂದಿರು ಹತ್ತು ಹನ್ನೆರಡು ಗಂಟೆ ದುಡಿಯುತ್ತಿದ್ದರು. ಕೂಸುಗಳು ನೆರೆಯ ಮುದುಕಿಯ ಬಳಿ ಉಳಿಯುತ್ತಿದ್ದವು; ಆಕೆಯ ಬಳಿ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಸೀಸೆ ಇರುತ್ತಿತ್ತು. ಕಾಕಂಬಿಯ ಸಿಹಿಯಲ್ಲಿ ಕಲಸಿದ ಅಫೀಮು ಅದು. 1845ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಕಾರ್ಮಿಕ ವರ್ಗವನ್ನು ಕುರಿತ ತಮ್ಮ ಗ್ರಂಥದಲ್ಲಿ ಏಂಗೆಲ್ಸ್ ಇದೇ ಮದ್ದನ್ನು ಹೆಸರಿಟ್ಟು ಖಂಡಿಸಿದ್ದಾರೆ. ಅಫೀಮು ಕುಡಿದ ಮಗು ಅಳುವುದಿಲ್ಲ. ಹಾಗೆಯೇ ಅದಕ್ಕೆ ಹಸಿವೂ ಆಗುವುದಿಲ್ಲ. ಮಲಬದ್ಧತೆಯಾಗುತ್ತದೆ, ಉಸಿರು ನಿಧಾನವಾಗುತ್ತದೆ. ಅನೇಕ ಕೂಸುಗಳು ಒಮ್ಮೆಗೇ ಸಾಯಲಿಲ್ಲ, ಸದ್ದಿಲ್ಲದೆ ಬಡಕಲಾಗುತ್ತ ಸತ್ತವು. ಮರಣದ ದಾಖಲೆಯಲ್ಲಿ ಅಫೀಮಿನ ಹೆಸರು ಬಾರದಿರುವುದಕ್ಕೆ ಇದೇ ಕಾರಣ.

ಅಟ್ಲಾಂಟಿಕ್‌ನ ಆಚೆ 1849ರಲ್ಲಿ ‘ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್’ ಮಾರುಕಟ್ಟೆಗೆ ಬಂದಿತು. ಮಡಿಲಲ್ಲಿ ಮಗು ಮಲಗಿಸಿಕೊಂಡ ಸಿರಿವಂತ ತಾಯಿಯ ಬಣ್ಣದ ಚಿತ್ರಗಳೊಂದಿಗೆ ಮನೆಮನೆಗೂ ತಲುಪಿತು. ಅದರ ಒಂದು ಔನ್ಸಿನಲ್ಲಿ ಸುಮಾರು 65 ಮಿಲಿಗ್ರಾಂ ಮಾರ್ಫೀನ್ ಇತ್ತು. ಆ ಹೆಸರು ಎಷ್ಟು ಜನಜನಿತವಾಗಿತ್ತೆಂದರೆ, ಇಂಗ್ಲೆಂಡಿನ ಸಂಗೀತಕಾರ ಎಡ್ವರ್ಡ್ ಎಲ್ಗರ್ ತಮ್ಮ ತಾರುಣ್ಯದಲ್ಲಿ ಬರೆದ ನಿಧಾನಗತಿಯ ಕೃತಿಯೊಂದಕ್ಕೆ ತಮಾಷೆಯಾಗಿ ಅದನ್ನೇ ಇಟ್ಟರು. 1906ರ ಕಾಯಿದೆ ಅಮೆರಿಕದಲ್ಲಿ ಇಂಥ ಮದ್ದುಗಳ ಒಳಗೇನಿದೆ ಎಂಬುದನ್ನು ಸೀಸೆಯ ಮೇಲೆ ಬರೆಯಲು ಒತ್ತಾಯಿಸಿತು. 1911ರಲ್ಲಿ ಅಲ್ಲಿನ ವೈದ್ಯರ ಸಂಘ ಈ ಸಿರಪ್ಪನ್ನು ಶಿಶುಹಂತಕ ಮದ್ದುಗಳ ಸಾಲಿಗೆ ಸೇರಿಸಿತು. ಅಷ್ಟರಲ್ಲಿ ಆರು ದಶಕಗಳು ಕಳೆದಿದ್ದವು.

ಅಫೀಮಿನ ಸೀಸೆಗಳಿಗೆ ಹೆಸರಾಗಿದ್ದ ಅದೇ ನಾಟಿಂಗ್‌ಹ್ಯಾಮ್‌ನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಇನ್ನೊಂದು ದ್ರವವನ್ನು ತಯಾರಿಸಿದರು. ಇಂಗ್ಲೆಂಡಿನ ಜವುಗು ಪ್ರದೇಶಗಳಲ್ಲಿ ಚಳಿಜ್ವರ ಬಂದ ಮಕ್ಕಳಿಗೆ ಕೊಡುತ್ತಿದ್ದ ಔಷಧವೊಂದು ಅವುಗಳ ಹೊಟ್ಟೆಯನ್ನೂ ಶಮನಗೊಳಿಸುತ್ತದೆಂದು ಕಂಡು ಅದನ್ನು ಅನುಸರಿಸಿದ್ದರು. ಸಬ್ಬಸಿಗೆಯ ಎಣ್ಣೆ, ಅಡುಗೆ ಸೋಡ, ಸಕ್ಕರೆ, ಒಂದಿಷ್ಟು ಮದ್ಯಸಾರ, ನೀರು. ಇದೇ ಗ್ರೈಪ್ ವಾಟರ್. ಅಫೀಮು ಇಲ್ಲದಿದ್ದುದು ಅದರ ದೊಡ್ಡ ಗುಣ. ಮದ್ಯಸಾರ ಶೇಕಡ 3.6ರಷ್ಟಿತ್ತು; ಅದನ್ನು ಕೈಬಿಟ್ಟದ್ದು ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಸೀಸೆಯ ಮೇಲೆ ಹಾವನ್ನು ಹಿಸುಕುತ್ತಿರುವ ಕೂಸಿನ ಚಿತ್ರ. ಅದು ಗ್ರೀಕರ ಹರ್ಕ್ಯುಲಿಸ್. ನಮ್ಮ ಮನೆಗಳಲ್ಲಿ ಅದು ಬಾಲಕೃಷ್ಣನೇ ಆಗಿಬಿಟ್ಟಿತು. ದೂರದರ್ಶನದ ಕಾಲದ ಅದರ ಜಾಹೀರಾತಿನಲ್ಲಿ ಪ್ರತಿ ತಲೆಮಾರಿನ ತಾಯಿಯೂ ತನ್ನ ಮಗಳಿಗೆ, ನೀನು ಚಿಕ್ಕವಳಿದ್ದಾಗ ನಾನೂ ಇದನ್ನೇ ಕೊಟ್ಟಿದ್ದೆ ಎಂದು ಹೇಳುತ್ತಾಳೆ. ನಮ್ಮ ಬಾಣಂತಿಯರ ತಟ್ಟೆಯಲ್ಲಿದ್ದ ಸಬ್ಬಸಿಗೆಯೇ ಸೀಮೆಯಿಂದ ಸೀಸೆಯಲ್ಲಿ ಮರಳಿ ಬಂದು ಅಜ್ಜಿಯ ಸ್ಥಾನವನ್ನು ಪಡೆದುಕೊಂಡಿತು. ಅಜ್ಜಿ ಊರಲ್ಲಿ ಉಳಿದು ಸೀಸೆ ಮಾತ್ರ ಜೊತೆಗೆ ಬಂದ ನಮ್ಮಂಥ ವಲಸೆಯ ಮನೆಗಳಿಗೆ ಅದು ಒದಗಿದ ಬಗೆಯನ್ನು ವಿವರಿಸಬೇಕಾಗಿಲ್ಲ.

ಈಗ ಮುಂಬಯಿಗೆ ಬರೋಣ. ಲಾಲ್‌ಬಾಗ್, ಪರೇಲ್, ವರ್ಲಿಗಳ ಗಿರಣಗಾಂವ್‌ನಲ್ಲಿ 1920ರ ದಶಕದ ಹೊತ್ತಿಗೆ ಬಟ್ಟೆಗಿರಣಿಗಳ ಕೆಲಸಗಾರರಲ್ಲಿ ಸುಮಾರು ಐದನೆಯ ಒಂದು ಪಾಲು ಹೆಂಗಸರಿದ್ದರು. ಹೆಚ್ಚಿನವರು ನೂಲು ಸುತ್ತುವ ವಿಭಾಗಗಳಲ್ಲಿ, ಮಾಡಿದಷ್ಟಕ್ಕೆ ಕೂಲಿ ಎಂಬ ಲೆಕ್ಕದಲ್ಲಿ ದುಡಿಯುತ್ತಿದ್ದರು. 1922ರ ಕಾರ್ಖಾನೆ ಕಾಯಿದೆಯೇ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಅವಕಾಶ ಕೊಟ್ಟಿತ್ತು. ಚಾಳಿನ ಒಂದು ಕೋಣೆಯಲ್ಲಿ ಕೂಸನ್ನು ಬಿಟ್ಟು ಹೋಗಬೇಕು. ಅಜ್ಜಿ ಇರುವುದು ರತ್ನಾಗಿರಿಯಲ್ಲೋ ಸಾತಾರೆಯಲ್ಲೋ. ಇಲ್ಲಿ ಬಳಕೆಗೆ ಬಂದದ್ದೇ ‘ಬಾಳಗೋಳಿ’. ಹೆಸರು ಮುದ್ದಾದುದು, ಮಗುವಿನ ಗುಳಿಗೆ ಎಂದು ಅರ್ಥ. ಒಳಗಿದ್ದದ್ದು ಅಫೀಮು. ಸರ್ಕಾರವೇ ಪರವಾನಗಿ ಕೊಟ್ಟ ಅಂಗಡಿಗಳಲ್ಲಿ ಅಫೀಮು ದೊರೆಯುತ್ತಿದ್ದ ಕಾಲವದು.

ಗಿರಣಿ ಹೆಂಗಸರ ಹೆರಿಗೆಯ ಸ್ಥಿತಿಯನ್ನು ಅರಿಯಲು ಮುಂಬಯಿ ಸರ್ಕಾರ ಆ ದಶಕದ ಆರಂಭದಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತ್ತು. ಚಾಳುಗಳನ್ನು ಸುತ್ತಿದ ಆಕೆ ಕಂಡದ್ದು, ಗಿರಣಿಯ ದುಡಿಮೆಗೆ ಹೋಗುವ ತಾಯಂದಿರ ಕೂಸುಗಳಲ್ಲಿ ಬಹುತೇಕ ಎಲ್ಲಕ್ಕೂ ಅಫೀಮು ಕೊಡಲಾಗುತ್ತಿದೆ ಎಂಬುದನ್ನು. ಹತ್ತು ವರ್ಷಗಳ ನಂತರ, 1931ರಲ್ಲಿ ವರದಿ ಸಲ್ಲಿಸಿದ ವ್ಹಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ ಕೂಡ ಈ ರೂಢಿಯನ್ನು ಗಮನಿಸಿತು. ಅಂದಿನ ಅನೇಕ ಬರಹಗಳಲ್ಲಿ ಇದನ್ನು ತಾಯಂದಿರ ಅಜ್ಞಾನವೆಂದು ಕರೆಯುವ ಧಾಟಿ ಇದೆ. ನಮಗೆ ಹಾಗೆನ್ನಿಸುವುದಿಲ್ಲ. ಅಳುವ ಕೂಸನ್ನು ಗಿರಣಿಗೆ ತಂದರೆ ಕೆಲಸ ಹೋಗುತ್ತದೆ, ಬಿಟ್ಟು ಬಂದರೆ ಹಸಿದು ಅತ್ತು ಬಸವಳಿಯುತ್ತದೆ ಎಂಬುದನ್ನು ಆ ತಾಯಿ ಚೆನ್ನಾಗಿಯೇ ಬಲ್ಲಳು. ಕೂಸಿನ ಹಸಿವಿನ ಹೊತ್ತಿಗೂ ಗಿರಣಿಯ ಪಾಳಿಗೂ ಇದ್ದ ವಿರೋಧವನ್ನು ಆಕೆ ಒಂದು ಗುಳಿಗೆಯಿಂದ ಬಗೆಹರಿಸಬೇಕಾಯಿತು. ಕೂಸಿನ ಮೌನದ ಲಾಭ ದೊರೆತದ್ದು ಯಾರಿಗೆ ಎಂಬುದನ್ನು ಆಗ ಕೇಳಿದವರು ಕಡಿಮೆ.

ಉತ್ತರ ಬಂದದ್ದು ವೈದ್ಯದಿಂದಲ್ಲ, ಕಾನೂನಿನಿಂದ. 1929ರಲ್ಲಿ ಮುಂಬಯಿ ಪ್ರಾಂತ್ಯ ದೇಶದಲ್ಲೇ ಮೊದಲ ಹೆರಿಗೆ ಭತ್ಯೆ ಕಾಯಿದೆಯನ್ನು ಜಾರಿಗೆ ತಂದಿತು. ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಬೇಕೆಂದು ರಾಯಲ್ ಕಮಿಷನ್ ಶಿಫಾರಸು ಮಾಡಿತು. ಸ್ವಾತಂತ್ರ್ಯಾನಂತರದ 1948ರ ಕಾರ್ಖಾನೆ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಅದನ್ನು ಕಡ್ಡಾಯಗೊಳಿಸಿತು. ಮುಂದೆ ಆ ಸಂಖ್ಯೆ 30ಕ್ಕೆ ಇಳಿಯಿತು. ಅಫೀಮಿನ ಗುಳಿಗೆಗೆ ನಿಜವಾದ ಪ್ರತ್ಯೌಷಧ ಇವೇ: ಕೂಲಿ ಸಹಿತವಾದ ರಜೆ, ಮತ್ತು ಮೊಲೆಯೂಡಿಸಿ ಬರಲು ಹತ್ತಿರದಲ್ಲೊಂದು ಕೋಣೆ.

ಇದೇ ಕಾಲದಲ್ಲಿ ಪಶ್ಚಿಮದ ಸುಶಿಕ್ಷಿತ ಮನೆಗಳು ಇನ್ನೊಂದು ಅತಿಗೆ ಹೋಗಿದ್ದವು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಗಡಿಯಾರ ನೋಡಿ ಹಾಲೂಡಿಸಲು ಕಲಿಸಿದರು. ಅಮೆರಿಕದ ಮನೋವಿಜ್ಞಾನಿ ಜಾನ್ ವ್ಯಾಟ್ಸನ್ 1928ರ ತಮ್ಮ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ ಎಂದರು. ತೂಗುವುದು ಕೆಟ್ಟ ಅಭ್ಯಾಸವೆನಿಸಿ ತೊಟ್ಟಿಲುಗಳು ಅಟ್ಟ ಸೇರಿದವು. ಅಲ್ಲಿಯೂ ಶಿಶುವಿನ ಮೇಲೆ ಗಿರಣಿಯ ಶಿಸ್ತನ್ನೇ ಹೇರಲಾಗಿತ್ತು, ಅಫೀಮು ಮಾತ್ರ ಇರಲಿಲ್ಲ.

ಶತಮಾನದ ಉತ್ತರಾರ್ಧದಲ್ಲಿ ವಿಜ್ಞಾನ ಮತ್ತೆ ಕೂಸಿನ ಪಕ್ಕದಲ್ಲಿ ಕುಳಿತು ನೋಡತೊಡಗಿತು. ಆರೋಗ್ಯವಾಗಿದ್ದರೂ ದಿನಕ್ಕೆ ಮೂರು ಗಂಟೆಗೂ ಮೀರಿ, ವಾರದಲ್ಲಿ ಮೂರು ದಿನಕ್ಕೂ ಮೀರಿ ಅಳುವ ಶಿಶುಗಳನ್ನು 1954ರಲ್ಲಿ ವೆಸ್ಸೆಲ್ ಮತ್ತು ಸಂಗಡಿಗರು ವರ್ಗೀಕರಿಸಿದರು. 1962ರಲ್ಲಿ ಬ್ರೇಝಲ್ಟನ್ ತಾಯಂದಿರಿಂದಲೇ ಅಳುವಿನ ದಿನಚರಿ ಬರೆಸಿದರು. ಆರನೆಯ ವಾರದ ಹೊತ್ತಿಗೆ ಅಳು ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆಂಬುದು ಹೀಗೆ ತಿಳಿಯಿತು. 1986ರಲ್ಲಿ ಹುನ್‌ಝಿಕರ್ ಮತ್ತು ಬಾರ್ ಕೆಲವು ತಾಯಂದಿರಿಗೆ, ಅತ್ತಾಗ ಮಾತ್ರವಲ್ಲ, ಸುಮ್ಮನಿದ್ದಾಗಲೂ ಮಗುವನ್ನು ದಿನಕ್ಕೆ ಹೆಚ್ಚು ಹೊತ್ತು ಎತ್ತಿಕೊಳ್ಳಲು ಹೇಳಿದರು. ಆರನೆಯ ವಾರದಲ್ಲಿ ಆ ಕೂಸುಗಳ ಅಳು ಉಳಿದವುಗಳಿಗಿಂತ ಶೇಕಡ 43ರಷ್ಟು ಕಡಿಮೆಯಿತ್ತು. 2013ರಲ್ಲಿ ಜಪಾನಿನಿಂದ ಪ್ರಕಟವಾದ ಅಧ್ಯಯನವೊಂದು, ತಾಯಿ ಮಗುವನ್ನೆತ್ತಿಕೊಂಡು ನಡೆಯತೊಡಗಿದೊಡನೆ ಅದರ ಎದೆಬಡಿತ ನಿಧಾನವಾಗುವುದನ್ನು ಅಳೆದು ತೋರಿಸಿತು. ಎತ್ತಿಕೊಂಡು ಓಡಾಡುವ ಅಜ್ಜಿ ಸರಿಯಾಗಿಯೇ ಇದ್ದಳು. ಆದರೆ ಇದಕ್ಕೂ ಬೇಕಾದದ್ದು ಗಂಟೆಗಳು. ಆ ಗಂಟೆಗಳನ್ನು ತಾಯಿಗೆ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಪ್ರಯೋಗಾಲಯ ಉತ್ತರಿಸಲಾರದು.

ಈ ಪ್ರಶ್ನೆಗೆ ಹೊಣೆಯಾಗಬೇಕಾದವರಲ್ಲಿ ನಾವೂ ಇದ್ದೇವೆ. ಗಿರಣಗಾಂವ್‌ನ ಚಿಮಣಿಗಳ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದಿವೆ. ನಮ್ಮಲ್ಲಿ ಕೆಲವರು ದುಡಿಯುವುದೂ ಅಲ್ಲಿಯೇ. 2017ರ ತಿದ್ದುಪಡಿಯಿಂದ ನಮ್ಮ ಸೊಸೆ, ಮಗಳಂದಿರಿಗೆ 26 ವಾರಗಳ ರಜೆ ದೊರೆಯುತ್ತದೆ. ಅದೇ ಗೋಪುರಗಳ ಬುಡದಲ್ಲಿ ಕಲ್ಲು ಮಣ್ಣು ಹೊರುವ ಹೆಂಗಸರಿಗೆ, ಅವರಲ್ಲಿ ನಮ್ಮ ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದವರೂ ಉಂಟು, ಆ ಕಾಯಿದೆ ಸಾಮಾನ್ಯವಾಗಿ ಕಾಗದದ ಮೇಲಷ್ಟೇ. 1969ರಲ್ಲಿ ದೆಹಲಿಯ ಕಟ್ಟಡದ ಕೆಲಸವೊಂದರ ಬಳಿ ಧೂಳಿನಲ್ಲಿ ಬಿದ್ದಿದ್ದ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಗುಡಾರವೊಂದರಲ್ಲಿ ಶಿಶುವಿಹಾರ ತೆರೆದರು. ‘ಮೊಬೈಲ್ ಕ್ರೆಶಸ್’ ಸಂಸ್ಥೆ ಹುಟ್ಟಿದ್ದು ಹಾಗೆ. ಅಂಥ ಗುಡಾರಗಳು ಇಂದಿಗೂ ಸಾಲದಾಗಿವೆ.

ನಮ್ಮ ಮನೆಯ ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಕಡೆಯಿಂದ ಮಧ್ಯಾಹ್ನದ ಹೊತ್ತು ಒಮ್ಮೊಮ್ಮೆ ಕೂಸಿನ ಅಳು ಕೇಳುತ್ತದೆ. ಸಿಮೆಂಟಿನ ಚೀಲಗಳ ನಡುವೆ ಕಂಬದಿಂದ ಕಂಬಕ್ಕೆ ಸೀರೆಯ ಜೋಲಿ ಕಟ್ಟಿರುತ್ತಾರೆ. ಅಳು ಕೇಳಿಸಿದರೆ ನಾವು ಕಿಟಕಿ ಮುಚ್ಚುವ ಅಭ್ಯಾಸದವರು. ಈ ಚರಿತ್ರೆಯನ್ನು ಓದಿದ ಮೇಲೆ, ಅಳು ಕೇಳಿಸದ ಮಧ್ಯಾಹ್ನಗಳ ಬಗೆಗೇ ಹೆಚ್ಚು ಕಳವಳವಾಗುತ್ತದೆ.