ಸತ್ಯಶಿರಸ್ಸಿನ ಸರೋವರ

ನದೀಮೂಲ ಋಷಿಮೂಲಗಳನ್ನು ಕೆದಕಬಾರದೆಂಬುದು ನಮ್ಮ ಹಿರಿಯರ ಮಾತು. ಆದರೆ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಮಿಸಿಸಿಪಿ ಮಹಾನದಿಯ ಮೂಲವನ್ನು ಕೆದಕಿದ ಕಾರಣದಿಂದಲೇ ಒಂದು ಅರಣ್ಯ ಉಳಿದುಕೊಂಡಿತು.

1832ರಲ್ಲಿ ಒಜಿಬ್ವೆ ಜನರ ಮುಖಂಡರಾದ ಓಝಾವಿಂಡಿಬ್ ಅವರ ಮಾರ್ಗದರ್ಶನದಿಂದ ಅಲ್ಲಿಯ ಸರೋವರವನ್ನು ತಲುಪಿದ ಹೆನ್ರಿ ಸ್ಕೂಲ್‌ಕ್ರಾಫ್ಟನು, ಸತ್ಯ, ಶಿರಸ್ಸು ಎಂಬರ್ಥದ ‘ವೆರಿಟಾಸ್’, ‘ಕಾಪುಟ್’ ಎಂಬ ಲ್ಯಾಟಿನ್ ಪದಗಳನ್ನು ಬೆಸೆದು, ಹಿಂದುಮುಂದನ್ನು ಕತ್ತರಿಸಿ, ‘ಇಟಾಸ್ಕಾ’ ಎಂಬ ಹೆಸರನ್ನು ನಿರ್ಮಿಸಿದನು. ಅರ್ಧ ಶತಮಾನದ ತರುವಾಯ, ನಿಜವಾದ ಮೂಲವು ಪಕ್ಕದ ಮತ್ತೊಂದು ಸರೋವರವೆಂಬ ವಾದವೆದ್ದಾಗ, ಅಳೆದು ತೀರ್ಮಾನಿಸಲು ಬಂದ ಜೇಕಬ್ ಬ್ರೋವರನ ಕಣ್ಣಿಗೆ ಬಿದ್ದುವು ಮುಗಿಲೆತ್ತರದ ಪೈನ್ ವೃಕ್ಷಗಳು, ಅವುಗಳ ಬುಡಕ್ಕೆ ಸಮೀಪಿಸುತ್ತಿದ್ದ ಕೊಡಲಿಗಳು. ಅವನ ಛಲದಿಂದ 1891ರ ಏಪ್ರಿಲ್ 20ರಂದು, ಶಾಸನಸಭೆಯಲ್ಲಿ ಒಂದೇ ಒಂದು ಮತದ ಅಂತರದಿಂದ, ಇಟಾಸ್ಕಾ ಉದ್ಯಾನವು ಸ್ಥಾಪಿತವಾಯಿತು.

ಶಾಸನವಾದ ಮಾತ್ರಕ್ಕೆ ಮರ ಉಳಿಯುವುದಿಲ್ಲವಷ್ಟೆ. ದಿಮ್ಮಿಗಳನ್ನು ತೇಲಿಸಲೆಂದು ವ್ಯಾಪಾರಿಗಳು ನದಿಗೆ ಅಡ್ಡಗಟ್ಟೆ ಹಾಕಿದರು. ಏರಿದ ನೀರಿನಲ್ಲಿ ದಡದ ಮರಗಳು ಬೇರುಸಹಿತ ಮುಳುಗಿದವು. ತಂದೆಯ ಮರಣಾನಂತರ 1903ರಲ್ಲಿ ಉದ್ಯಾನದ ಅಧಿಕಾರ ವಹಿಸಿಕೊಂಡ ಇಪ್ಪತ್ನಾಲ್ಕರ ತರುಣಿ ಮೇರಿ ಗಿಬ್ಸ್, ಬಂದೂಕಿನ ಬೆದರಿಕೆಗೆ ಜಗ್ಗದೆ ಆ ಕಟ್ಟೆಯ ಮುಂದೆ ನಿಂತಳು. ಕೆಲವೇ ತಿಂಗಳಲ್ಲಿ ಆ ಹುದ್ದೆಯನ್ನು ತೊರೆಯಬೇಕಾದರೂ ಅವಳ ಹೆಸರು ಅಲ್ಲಿಯೇ ಉಳಿಯಿತು.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ತರುಣರನ್ನು ಸರ್ಕಾರವು ನಾಗರಿಕ ಸಂರಕ್ಷಣಾ ದಳಕ್ಕೆ ಸೇರಿಸಿ ಇಲ್ಲಿಗೆ ಕಳುಹಿತು. ಅವರು 1934ರಲ್ಲಿ ಕಟ್ಟಿದ ಒಂದು ಕುಟೀರದ ದಿಮ್ಮಿಗಳು ಎಷ್ಟು ದಪ್ಪವೆಂದರೆ, ಒಂದರ ಮೇಲೊಂದು ನಾಲ್ಕನ್ನಿಟ್ಟರೆ ಗೋಡೆಯೇ ಮುಗಿಯಿತು. ನದಿ ಹೊರಡುವ ಕಡೆ ಕೆಸರುನೆಲವನ್ನು ಬಸಿದು, ಹೊಸ ಕಾಲುವೆ ತೋಡಿ, ನೀರು ನಿಲ್ಲುವ ಮಟ್ಟಕ್ಕೆ ಕಲ್ಲುಗಳನ್ನು ಸಾಲಾಗಿರಿಸಿದವರೂ ಅವರೇ.

ಇಂದು ‘ಬೇರ್ ಪಾ’, ‘ಪೈನ್ ರಿಡ್ಜ್’ ಎಂಬ ಬಿಡಾರತಾಣಗಳಲ್ಲಿ ಡೇರೆ ಹೂಡುವ ಸಂಸಾರವಂದಿಗರು ಈ ನೆಲದ ಮೊದಲ ಬಿಡಾರದವರೇನಲ್ಲ. ಸುಮಾರು 8,000 ವರ್ಷಗಳ ಹಿಂದೆ ಕಾಡೆಮ್ಮೆಗಳನ್ನು ಬೆನ್ನಟ್ಟಿದ ಬೇಟೆಗಾರರು, ಬಳಿಕ ಮರ ಕಡಿಯುವವರು, ಆಮೇಲೆ ದಳದ ಹುಡುಗರು, ಎಲ್ಲರೂ ಇಲ್ಲಿ ಬೆಂಕಿ ಹೊತ್ತಿಸಿ ಇರುಳು ಕಳೆದವರೇ. ಬೆಳಗಾದೊಡನೆ ಮಕ್ಕಳು ಕಾಲುಚೀಲ ಕಳಚಿ, ಪಾಚಿಗೆ ಜಾರುತ್ತ, ಆ ಕಲ್ಲುಸಾಲಿನ ಮೇಲೆ ಮಹಾನದಿಯನ್ನು ಹತ್ತಾರು ಹೆಜ್ಜೆಗಳಲ್ಲಿ ದಾಟುತ್ತಾರೆ. ಹೆಸರೂ ಜೋಡಿಸಿದ್ದು, ಕಲ್ಲೂ ಜೋಡಿಸಿದ್ದು. ಅವುಗಳ ನಡುವೆ ಹರಿವ ನೀರಿನ ತಂಪು ಮಾತ್ರ ಯಾರೂ ಜೋಡಿಸಿದ್ದಲ್ಲ.